ಸಾಲಿಗ್ರಾಮದಲ್ಲಿ ಎದ್ದು ಬಂದ ಕುರಿಗಳು

ಈಗಷ್ಟೇ ಮತ್ತೆ ಬೆಳೆದಿರುವ ಈ ಮೀಸೆ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಾನೇ ಬರೆದ ಹುಲಿ-ಕುರಿ ಆಟ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಹುಣಸೂರು, ಪಿರಿಯಾಪಟ್ಟಣದಲ್ಲೆಲ್ಲ ಅದನ್ನು ಸೋಲಿಸಿದವರಿರಲಿಲ್ಲ. ಆಡಿದವರೂ ಇರಲಿಲ್ಲ ಅನ್ನಿ.

ಸಾಲಿಗ್ರಾಮದ ಗುಡಿ ಜಗಲಿಯ ಕಲ್ಲಿನಲ್ಲಿ ಆ ಆಟದ ಮನೆ ಕೊರೆದಿದೆ. ಅಲ್ಲಿ ಕೂತಿದ್ದ ಮುದುಕ ನಿಂಗೇಗೌಡರಿಗೆ, "ನನ್ನ ಕಂಪ್ಯೂಟರ್ ಸೋತರೆ ಮೀಸೆ ಬೋಳಿಸ್ತೀನಿ" ಎಂದೆ. ಅವರು ಹುಣಸೆಬೀಜದ ಕುರಿಗಳನ್ನು ನಡೆಸಿದರು. ಕಂಪ್ಯೂಟರ್ ಹೇಳಿದಂತೆ ನಾನು ಹುಲಿಗಳನ್ನು ನಡೆಸಿದೆ. ಆರು ಕುರಿ ತಿಂದ ಮೇಲೆ, ಗೆದ್ದಂತೆಯೇ ಎಂದು ನೀರು ಕುಡಿಯಲು ಹೋದೆ. ಬರುವಷ್ಟರಲ್ಲಿ ಆರೂ ಕುರಿ ಕಲ್ಲಿನ ಮೇಲಿದ್ದವು.

"ಗೌಡ್ರೇ, ಸತ್ತ ಕುರಿ ಹೆಂಗೆ ಬಂದ್ವು?"

"ಎದುರಾಳಿ ನೋಡ್ದೆ ಇದ್ರೆ ಎದ್ದು ಬತ್ತವೆ ಕಣಪ್ಪ. ನಮ್ಮ ತಾತನ ಕಾಲ್ದಿಂದ್ಲೂ ಅಂಗೇಯ."

"ನಾನು ಹೋದ್ರೇನು, ಕಂಪ್ಯೂಟರ್ ನೋಡ್ತಿತ್ತಲ್ಲ."

"ಎಲ್ ನೋಡ್ತಿತ್ತು? ನೀನೇ ನೋಡಪ್ಪ, ಮನೀಕಂಡದೆ."

ನಿಜ, ಪರದೆ ಕಪ್ಪಾಗಿ ಕಂಪ್ಯೂಟರ್ ಮಲಗಿತ್ತು. ಐದೇ ನಿಮಿಷದಲ್ಲಿ ಗೌಡರ ಕುರಿಗಳು ನನ್ನ ಹುಲಿಗಳನ್ನೆಲ್ಲ ಕಟ್ಟಿಹಾಕಿದವು. ಮೀಸೆ ಹೋಯಿತು. ಕಂಪ್ಯೂಟರಿಗೆ ಬುದ್ಧಿಯೊಂದಿದ್ದರೆ ಸಾಲದು, ಕಣ್ಣು ಮುಚ್ಚಬಾರದು ಎಂಬುದು ಅಂದಿನಿಂದ ನನ್ನ ಅಭಿಪ್ರಾಯ.

ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿ ಹೇಳಿದ್ದು: ನಾನು ನೀರಿಗೆ ಹೋಗಿರಲಿಲ್ಲ. ಪಕ್ಕದ ಕಂಬಕ್ಕೊರಗಿ ನಾನೂ ಗೊರಕೆ ಹೊಡೆಯುತ್ತಿದ್ದೆ.