ಬಿಳಿ ಮೇಜಿನ ಬೆಳಕು

ಸಾವಿರದ ಒಂಬೈನೂರ ತೊಂಬತ್ತರ ಆಸುಪಾಸಿನಲ್ಲಿ ನಾನು ಮುಳ್ಳೇರಿಯ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಹೆಂಗಸರ ಕೆಲಸ ನೋಡಿಕೊಳ್ಳುವ ರೈಟರಾಗಿದ್ದೆ. ವಯಸ್ಸು ಇಪ್ಪತ್ತಾರು, ಗತ್ತು ಮಾತ್ರ ಐವತ್ತರದ್ದು.

ಬೀಜವನ್ನು ಬಣ್ಣ ನೋಡಿ ಬೇರೆ ಮಾಡುವ ಗ್ರೇಡಿಂಗ್ ಮೇಜಿನಲ್ಲಿ ಕೂರುವುದೆಂದರೆ ಅಲ್ಲಿನವರಿಗೆ ದೊಡ್ಡ ಮರ್ಯಾದೆ. ಆ ಮೇಜಿಗೆ ಹಿರಿಯರು ತುಳು ಮನೆಮಾತಿನ ಒಬ್ಬ ಅಕ್ಕ. ಬಿಳಿ ರಾಶಿಗೆ ಸೇರಿದ ತುಸು ಕಂದಿದ ಬೀಜವನ್ನು ಅವರು ಮಾತಾಡುತ್ತಲೇ ಹೆಕ್ಕಿ ತೆಗೆಯುತ್ತಿದ್ದರು.

ಹಳೆಯ ಮರದ ಮೇಜಿಗೆ ನುಣುಪಾದ ಬಿಳಿ ಸನ್ಮೈಕಾ ಹಾಳೆ ಹೊದಿಸಿ, ಮೇಲಿನಿಂದ ತಗ್ಗಾಗಿ ಟ್ಯೂಬ್‌ಲೈಟ್ ಇಳಿಬಿಡುವ ಉಪಾಯ ನನ್ನದೇ. ಧಣಿಗಳು ಬೆನ್ನು ತಟ್ಟಿದ್ದರು. ವಾರದೊಳಗೆ ಅಕ್ಕ ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಒಂದೇ ಕೈಯಲ್ಲಿ ಹೆಕ್ಕತೊಡಗಿದರು. ಕಣ್ಣು ಕುಕ್ಕುತ್ತದೆ, ಟ್ಯೂಬಿಗೆ ರಟ್ಟು ಅಡ್ಡ ಕಟ್ಟಿ, ಮೇಜಿಗೆ ನೀಲಿ ಬಟ್ಟೆ ಹಾಸಿ ಎಂದು ಕೇಳಿಕೊಂಡರು. ದುಡ್ಡು ಸುರಿದು ಬೆಳಕು ಕೊಟ್ಟರೆ ಮುಚ್ಚಲು ಹೇಳುತ್ತಾರಲ್ಲ! ನಕ್ಕುಬಿಟ್ಟೆ.

ಮುಂದಿನ ತಿಂಗಳು ಕಂದಿದ ಬೀಜ ಕಲೆತಿದೆಯೆಂದು ಅಕ್ಕನ ಮೇಜಿನ ಮಾಲು ವಾಪಸ್ಸು ಬಂತು. ಮೂವತ್ತು ಹೆಂಗಸರ ಎದುರು ನಾನು ಕೂಗಾಡಿದೆ.

"ಇಷ್ಟು ಬೆಳಕು ಉಂಟು, ಕಾಣುವುದಿಲ್ವಾ? ಕುರುಡಿಯನ್ನು ಇಟ್ಟುಕೊಂಡು ನಾನೆಂತ ಮಾಡ್ಲಿ?"

ಅವರನ್ನು ಸಿಪ್ಪೆ ತೆಗೆಯುವ ಕಡೆಗೆ ಕಳಿಸಿದೆ. ಒಮ್ಮೆ ನನ್ನ ಜಾಗದಲ್ಲಿ ಕೂತು ನೋಡಿ ಎಂದಷ್ಟೇ ಹೇಳಿ ಎದ್ದರು. ನಾನು ಕೂರಲಿಲ್ಲ. ರೈಟರು ಹೆಂಗಸರ ಬೆಂಚಿನಲ್ಲಿ ಕೂರುವ ಕ್ರಮ ಇರಲಿಲ್ಲ. ನಿಂತೇ ನೋಡುವುದು, ನಿಂತೇ ಬೈಯುವುದು.

ಆ ಜಾಗಕ್ಕೆ ಬಂದವಳೂ ಅದೇ ತಪ್ಪು ಮಾಡಿದಾಗ, ಊಟದ ಹೊತ್ತಿನಲ್ಲಿ ಯಾರೂ ಇಲ್ಲದ್ದು ನೋಡಿ ಕೂತೆ. ನಿಂತವನಿಗೆ ಕಾಣದ್ದು ಕೂತವನ ಕಣ್ಣಿಗೆ ನೇರ ಬಡಿಯಿತು. ಎದುರಿಗೆ ಬೋಳು ಟ್ಯೂಬು, ಮೇಜಿನ ನುಣುಪಿನಲ್ಲಿ ಇನ್ನೊಂದು. ಬೀಜವೆಲ್ಲ ಒಂದೇ ಬಿಳಿ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸಿತು. ಅಂದೇ ರಟ್ಟು ಕಟ್ಟಿಸಿದೆ, ಬಟ್ಟೆ ಹಾಸಿಸಿದೆ.

ಸಂಜೆ ಬಸ್ಸಿಗೆ ಹೊರಟಿದ್ದ ಅಕ್ಕನನ್ನು ಗೇಟಿನ ಹತ್ತಿರ ತಡೆದು, ತಪ್ಪು ನನ್ನದೇ, ನಾಳೆಯಿಂದ ಹಳೆಯ ಜಾಗಕ್ಕೆ ಬನ್ನಿ ಎಂದು ಮೆಲ್ಲಗೆ ಹೇಳಿದೆ. ಅವರು ಸುತ್ತ ನೋಡಿದರು. ನಾವಿಬ್ಬರೇ ಇದ್ದೆವು.

"ಬೈದದ್ದು ಎಲ್ಲರ ಎದುರು. ಇದನ್ನು ಮಾತ್ರ ಗುಟ್ಟಿನಲ್ಲಿ ಹೇಳುವುದಾ ರೈಟ್ರೇ? ನಾಳೆ ಮೇಜಿನ ಹತ್ತಿರ ನಿಂತು ಹೇಳಿ. ಬರ್ತೇನೆ."

ಆಗಲಿ ಎಂದೆ. ಮರುದಿನ ಮೂವತ್ತು ಮುಖ ಎದುರಿಗಿದ್ದಾಗ ಅದನ್ನು ಹೇಳಲು ಬಾಯಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಕ್ಕ ಬೆಳಿಗ್ಗೆ ಬಂದವರು ನನ್ನ ಮುಖ ನೋಡಿ, ಸ್ವಲ್ಪ ನಿಂತು, ಸಿಪ್ಪೆಯ ಕಡೆಗೆ ಹೋಗುತ್ತಿದ್ದರು. ಒಂದು ವಾರದ ಮೇಲೆ ನೋಡುವುದನ್ನೂ ಬಿಟ್ಟರು.