ಹೊಕ್ಕುಳ ಪಕ್ಕದ ತಂತಿ

ಕೆಲವು ವಿವರಗಳು ತಪ್ಪಿರಬಹುದು. ಅಣ್ಣ ತಲೆಗೆ ಸ್ನಾನ ಮಾಡಿದ ಆ ದಿನ ಬಚ್ಚಲಿಗೆ ಬಿಸಿನೀರು ಹೊತ್ತವಳು ಅತ್ತಿಗೆ ಎಂದು ಡೈರಿಯಲ್ಲಿ ಬರೆದಿದ್ದೇನೆ. ಆದರೆ ಬಕೆಟ್ಟಿನ ಭಾರ ನನ್ನ ಕೈಗೇ ನೆನಪಿದೆ.

ಅಣ್ಣನ ಎದೆಯೊಳಗೆ ಒಂದು ಪಂಪ್ ಇದೆ. ಸೋತ ಹೃದಯಕ್ಕೆ ಆಸರೆಯಾಗಿ ರಕ್ತ ನೂಕುವುದು ಅದೇ. ಅದರ ತಂತಿ ಹೊಕ್ಕುಳ ಪಕ್ಕದ ತೂತಿನಿಂದ ಹೊರಬಂದು ಸೊಂಟದ ಬ್ಯಾಟರಿಗೆ ಸೇರುತ್ತದೆ. ಮಾಲೂರಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ನಾನು ಬ್ಯಾಟರಿ ಚಾರ್ಜಿಗಿಡುತ್ತೇನೆ, ತೂತಿನ ಪಟ್ಟಿ ಬದಲಿಸುತ್ತೇನೆ. ಎರಡು ವರ್ಷದಿಂದ ಇದೇ.

"ನಾನೂ ಫೋನ್ ಆಗ್ಬಿಟ್ಟೆ ಕಣೇ. ಚಾರ್ಜ್ ಮುಗಿದ್ರೆ ಸ್ವಿಚ್ಚಾಫ್" ಅನ್ನುತ್ತಾನೆ ಅಣ್ಣ. ಮೊದಲ ಸಲ ನಕ್ಕಿದ್ದೆ.

ತೂತಿಗೆ ನೀರು ತಾಕಬಾರದು. ಟೇಕಲ್ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ತಲೆಗೆ ನೀರು ಹಾಕಿಕೊಳ್ಳದೆ ಹುಳುಮನೆ ಹೊಕ್ಕರೆ ಹುಳಕ್ಕೆ ರೋಗ ಬರುತ್ತದೆಂಬುದು ಅಪ್ಪನ ಕಾಲದ ಕಟ್ಟುಪಾಡು. ಒದ್ದೆಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವ ಅಣ್ಣ ಕಿಟಕಿಯಾಚೆ ನಿಂತೇ ಕೂಗುತ್ತಿದ್ದ.

"ಲೇ, ಆ ಮೂಲೆ ತಟ್ಟೆಗೆ ಸೊಪ್ಪು ಕಮ್ಮಿ ಬಿತ್ತು!"

ಗೂಡು ಕಟ್ಟುವ ಮುಂಚಿನ ವಾರ, ಹುಳುಗಳಿಗೆ ಎಷ್ಟು ಹಾಕಿದರೂ ಸಾಲದು. ಆಳುಗಳೆಲ್ಲ ಫ್ಯಾಕ್ಟರಿ ಕೆಲಸಕ್ಕೆಂದು ನರಸಾಪುರದ ಕಂಪನಿ ಬಸ್ ಹತ್ತಿದ್ದರು. ಅತ್ತಿಗೆಗೆ ರೇಗಿತು. "ಅಷ್ಟು ಗೊತ್ತಿದ್ರೆ ನೀವೇ ಬಂದು ಹಾಕಿ."

ಮರುದಿನ ಅಣ್ಣ ತೂತಿನ ಮೇಲೆ ಹಾಲಿನ ಕವರ್ ಇಟ್ಟು, ಸುತ್ತ ಟೇಪು ಅಂಟಿಸಿ, ತಲೆಗೆ ಸ್ನಾನ ಮಾಡಿ ಹುಳುಮನೆಗೆ ಹೋದ. ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ. ಅಷ್ಟು ಖುಷಿಯಾಗಿ ಅವನನ್ನು ನೋಡಿ ಬಹಳ ದಿನವಾಗಿತ್ತು. ಅದಕ್ಕೇ ನಾನು ಬೈಯಲಿಲ್ಲವೇನೋ, ಅಥವಾ ಸುಸ್ತಾಗಿದ್ದೆನೋ.

ನಾಲ್ಕೈದು ದಿನಕ್ಕೆ ತೂತಿನಲ್ಲಿ ಕೀವಾಯಿತು. ಸುಮಾರು ಒಂದು ತಿಂಗಳು ಆಸ್ಪತ್ರೆ.

ಅಲ್ಲಿ ಡಾಕ್ಟರು ಹೇಳಿದರು: "ತಂತಿ ಇಲ್ಲದ ಪಂಪಿನ ಪ್ರಯೋಗ ನಡೀತಿದೆ. ಚರ್ಮದ ಒಳಗೊಂದು ಸುರುಳಿ, ಹೊರಗೊಂದು ಸುರುಳಿ. ಕರೆಂಟು ಚರ್ಮ ದಾಟಿ ಒಳಗೆ ಹೋಗುತ್ತೆ. ಸ್ವಲ್ಪ ಹೊತ್ತು ಹೊರಗಿನದು ತೆಗೆದಿಟ್ಟು ಸ್ನಾನನೂ ಮಾಡ್ಬಹುದಂತೆ. ಆದ್ರೆ ಯಾವಾಗ ಸಿಗುತ್ತೋ ಗೊತ್ತಿಲ್ಲ. ಸಿಕ್ಕಿದ್ರೂ ಮತ್ತೆ ಎದೆ ತೆರೀಬೇಕು."

ಅಣ್ಣ ಸೂರು ನೋಡುತ್ತಿದ್ದ. ಮೊದಲ ಆಪರೇಷನ್ ಆದಮೇಲೆ, "ಇನ್ನೊಂದ್ಸಲ ನನ್ನ ಅಲ್ಲಿಗೆ ಕಳಿಸ್ಬೇಡಿ" ಎಂದು ನನ್ನ ಕೈ ಹಿಡಿದುಕೊಂಡಿದ್ದ. ಇದು ಮಾತ್ರ ನಾನು ಕಟ್ಟಿದ ನೆನಪಲ್ಲ.

ಈಗ ಮತ್ತೆ ಕಿಟಕಿಯಾಚೆ ನಿಲ್ಲುತ್ತಾನೆ, ಕೂಗುವುದಿಲ್ಲ. ಮೊನ್ನೆ ಪಟ್ಟಿ ಬದಲಿಸುವಾಗ ಕೇಳಿಯೇಬಿಟ್ಟೆ. ಅವನು ಅಂಗಿ ಇಳಿಬಿಟ್ಟುಕೊಂಡು ಎದ್ದುಹೋದ. ಇವತ್ತು ಬ್ಯಾಟರಿ ಕೊಡುವಾಗಲೂ ಒಂದು ಗಳಿಗೆ ಕಾದೆ. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಳುಮನೆಯ ಕಿಟಕಿಯತ್ತ ನಡೆದ.

ನಾನು ಕೇಳಿದ್ದು ಇಷ್ಟೇ: "ಅಣ್ಣಾ, ತಂತಿ ಇಲ್ಲದ್ದು ಬಂದ್ರೆ, ಇನ್ನೊಂದ್ಸಲ ಎದೆ ಕುಯ್ಯಿಸ್ಕೋತೀಯಾ?"