ಘಟಾ ಅಂದಳೋ, ಘಟ್ಟ ಅಂದಳೋ?

ಕಳೆದ ಭಾನುವಾರ ನನ್ನ ಮಗಳ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಅದೂ ಊರಿನವರೆಲ್ಲ ನೋಡುತ್ತಿರುವಾಗ.

ನಿಧಿ ನಿಮಗೆ ಗೊತ್ತಲ್ಲ? ಮುಂಬಯಿ ಪಕ್ಕದ ಠಾಣೆ ಊರಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. (ಈ ಅಂಕಣದಲ್ಲಿ ಅವಳ ಮರ್ಯಾದೆ ಆಗಾಗ ಹೋಗುತ್ತಿರುತ್ತದೆ.) ಕಾಲೇಜು ಮುಗಿದ ಮೇಲೆ ಹಿಡಿದದ್ದು ರೇಸಿನ ಹುಚ್ಚು. ಸೆಕೆಂಡ್ ಹ್ಯಾಂಡ್ ಕಾರು, ನವಿ ಮುಂಬಯಿಯ ಖಾಲಿ ಮೈದಾನ, ಮಣ್ಣಿನ ಟ್ರ್ಯಾಕು.

ಈ ಸಲದ್ದು ಮಾತ್ರ ಆಟವಾಗಿರಲಿಲ್ಲ. ಒಂದು ರೇಸಿಂಗ್ ಟೀಮಿನ ಮ್ಯಾನೇಜರ್ ನೋಡಲು ಬಂದಿದ್ದರು. ಎಲ್ಲರಿಗಿಂತ ಬೇಗ ಸುತ್ತು ಮುಗಿಸಿದವರಿಗೆ ಟೀಮಿನಲ್ಲಿ ಸೀಟು. ಒಬ್ಬರಿಗೇ. ಪ್ರತಿಯೊಬ್ಬರಿಗೂ ಎರಡು ಅವಕಾಶ, ಎರಡರಲ್ಲಿ ಒಳ್ಳೆಯದು ಲೆಕ್ಕಕ್ಕೆ.

ಅವಳ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ನನ್ನ ಅಣ್ಣ ಪ್ರಹ್ಲಾದ. ಧಾರವಾಡದಿಂದ ಬಂದವನು. ಅರ್ಧ ಆಯುಷ್ಯ ಮಹಾಪೆಯ ಕಾರ್ಖಾನೆಗಳಲ್ಲಿ ಮರಾಠಿಗರ ಜತೆ ಕಳೆದು, ಈಗ ಅಲ್ಲೇ ಒಂದು ಶೆಡ್ಡಿನಲ್ಲಿ ರೇಸ್ ಕಾರುಗಳ ಶಾಕ್ ಅಬ್ಸಾರ್ಬರ್ ರಿಪೇರಿ ಮಾಡುತ್ತಾನೆ.

ಶಾಕ್ ಅಬ್ಸಾರ್ಬರ್ ಅಂದರೆ ಕುಲುಕಾಟ ನುಂಗುವ ಸಾಧನ ತಾನೆ? ನಾನೂ ಹಾಗೇ ಅಂದುಕೊಂಡಿದ್ದೆ.

‘ಕುಲುಕಾಟ ನುಂಗೂದು ಸ್ಪ್ರಿಂಗು. ನುಂಗಿ ಆದ ಮ್ಯಾಲೆ ಅದು ಕುಣೀಲಿಕ್ಕೆ ಹತ್ತತದಲ್ಲ, ಅದನ್ನ ಸುಮ್ನ ಕೂಡಸೂದು ಶಾಕು,’ ಅಂದ ಅಣ್ಣ.

ರೇಸಿಗೆ ಮುಂಚೆ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲೇ ಹಿಂಬದಿಯ ಎರಡೂ ಶಾಕ್ ಬಿಚ್ಚಿ ಹರವಿಕೊಂಡು ಕೂತಿದ್ದ. ಸೀಲು ಸೋರುತ್ತಿತ್ತು. ಹೊಸ ಸೀಲು ಕೂರಿಸಿದ, ಹೊಸ ಎಣ್ಣೆ ಹೊಯ್ದ, ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಗೆ ಓಡಿಸಿದ. ಒಂದು ಗುಳ್ಳೆ ಉಳಿದರೂ ಶಾಕು ಕೈಕೊಡುತ್ತದಂತೆ. (ನೆಲಕ್ಕೆ ಹಾಸಿದ್ದು ಹಳೇ ಪೇಪರು. ನನ್ನ ಅಂಕಣವಿದ್ದ ಪುಟವೇ ಬೇಕಿತ್ತೆ?)

ಶಾಕಿನ ತುದಿಯಲ್ಲಿ ಒಂದು ಪುಟ್ಟ ತಿರುಪು. ಈ ಕಡೆ ತಿರುಗಿಸಿದರೆ ಬಿಗಿ, ಆ ಕಡೆಗೆ ಸಡಿಲ. ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಬಂದ ನಿಧಿ ಇಂಜಿನ್ ಕೂಡ ಆರಿಸಲಿಲ್ಲ. ಹೆಲ್ಮೆಟ್ಟಿನೊಳಗಿನಿಂದಲೇ ಕೂಗಿದಳು: ‘ಮಾಮಾ, ಪೀಛೇ ಕಾ ಥೋಡಾ ಘಟಾ...’

ಹಿಂದಿನ ಶಾಕಿಗೆ ಸ್ವಲ್ಪ ಏನೋ ಮಾಡಬೇಕಿತ್ತು; ಮಿಕ್ಕಿದ್ದು ಸದ್ದಿನಲ್ಲಿ ಮುಳುಗಿತು. ಅಣ್ಣ ತಲೆಯಾಡಿಸಿ ಬಗ್ಗಿದ, ತಿರುಗಿಸಿದ.

ಮೊದಲ ಸುತ್ತು. ಹಳ್ಳದ ಮೇಲೆ ಹಿಂದಿನ ಚಕ್ರಗಳು ನೆಲಕ್ಕೆ ಕೂರಲೇ ಇಲ್ಲ. ಕುಪ್ಪಳಿಸುತ್ತ ಹೋಗಿ ತಿರುವಿನಲ್ಲಿ ಜಾರಿ ಅಡ್ಡ ನಿಂತಿತು ಕಾರು. ಪಟ್ಟಿಯಲ್ಲಿ ಅವಳ ಹೆಸರು ಕೆಳಗಿನಿಂದ ಹುಡುಕಬೇಕಾಯಿತು.

ನಿಧಿ ಗ್ಲೌಸ್ ಕಿತ್ತೆಸೆದಳು. ಕಣ್ಣಲ್ಲಿ ನೀರು. ‘ಮಾಮಾ, ಔರ್ ಖರಾಬ್ ಹೋ ಗಯಾ. ಕಿಯಾ ಕ್ಯಾ ಆಪನೇ?’ ಇನ್ನೂ ಕೆಟ್ಟುಹೋಯಿತು, ಮಾಡಿದ್ದಾದರೂ ಏನು ಎಂದು ಅವಳ ಜಗಳ.

‘ನೀ ಹೇಳಿದ್ದ ಮಾಡೇನಿ.’

‘ಮೈನೇ ತೋ ಘಟಾನೇ ಕೋ ಬೋಲಾ ಥಾ.’ ತಾನು ಹೇಳಿದ್ದು ‘ಘಟಾ’ ಅಂತ.

‘ಹೂಂ, ಅದಕ್ಕ ಘಟ್ಟ ಮಾಡೇನಿ.’

ನನಗೆ ನಟ್ಟು ಯಾವುದು ಬೋಲ್ಟು ಯಾವುದು ತಿಳಿಯುವುದಿಲ್ಲ. ಆದರೆ ನಮ್ಮ ಹೌಸಿಂಗ್ ಸೊಸೈಟಿಯ ನೋಟಿಸುಗಳನ್ನು ಮೂರು ಭಾಷೆಗಳಲ್ಲಿ ಬರೆಯುವವಳು ನಾನು. ತಟ್ಟನೆ ಹೊಳೆಯಿತು. ಹಿಂದಿಯಲ್ಲಿ ‘ಘಟಾ’ ಎಂದರೆ ಕಮ್ಮಿ ಮಾಡು. ಮರಾಠಿಯಲ್ಲಿ ‘ಘಟ್ಟ’ ಎಂದರೆ ಬಿಗಿ. ಪಕ್ಕದಲ್ಲಿ ಸಾಕ್ಷಿ ಹೇಳಲು ನಮ್ಮದೇ ‘ಗಟ್ಟಿ’ ಬೇರೆ. ಅಣ್ಣನಿಗೆ ಹಿಂದಿ ಬರುವುದಿಲ್ಲವೆಂದಲ್ಲ. ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಅವನ ಕಿವಿ ಮರಾಠಿ.

‘ಅಣ್ಣಾ, ಅಕಿ ಸಡ್ಲ ಮಾಡು ಅಂದಾಳ. ನೀ ಬಿಗಿ ಮಾಡೀದಿ,’ ಅಂದೆ.

ಅಣ್ಣ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ‘ಹಿಂಗೇನದು. ಬಿಗಿ ಹೆಚ್ಚಾದ್ರ ಚಕ್ರ ಹಳ್ಳಕ್ಕ ಇಳ್ಯೂದಿಲ್ಲ, ಜಿಗೀತದ,’ ಅಂದವನೇ ಮಣ್ಣಿಗೆ ಅಂಗಾತ ಮಲಗಿ ಕಾರಿನಡಿ ತೂರಿದ. ಬಿಗಿ ಮಾಡಿದ್ದನ್ನೆಲ್ಲ ಬಿಚ್ಚಿ, ಇನ್ನಷ್ಟು ಸಡಿಲಿಸಿದ. ಪರೀಕ್ಷೆ ಮಾಡಲು ಸಮಯವೆಲ್ಲಿ? ಮೈಕಿನಲ್ಲಿ ಅವಳ ಹೆಸರು ಕೂಗುತ್ತಿದ್ದರು.

ಎರಡನೇ ಸುತ್ತು. ಅದೇ ಹಳ್ಳ. ಚಕ್ರ ಇಳಿಯಿತು, ಏರಿತು, ನೆಲ ಬಿಡಲಿಲ್ಲ. ಅದೇ ತಿರುವು. ಕಾರಿನ ಹಿಂಬದಿ ಮಿಸುಕಲಿಲ್ಲ. ಧೂಳೆಬ್ಬಿಸಿಕೊಂಡು ಗೆರೆ ದಾಟಿದಳು ನೋಡಿ, ಹೆಸರು ನೇರ ಮೇಲಕ್ಕೆ ಹೋಯಿತು. ಉಳಿದವರೆಲ್ಲ ಓಡಿಸಿ ಮುಗಿಸಿದರೂ ಕೆಳಗಿಳಿಯಲಿಲ್ಲ. ನಾನು ಕುಣಿದೆ. (ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ.) ಅತ್ತೂಬಿಟ್ಟೆ, ನಾಚಿಕೆಯಿಲ್ಲದೆ, ಹೆಮ್ಮೆಯಿಂದ.

ಮ್ಯಾನೇಜರ್ ಬಂದು ನಿಧಿಯ ಕೈ ಕುಲುಕಿದರು. ಆಮೇಲೆ ಕಾರಿನ ಹಿಂಬದಿಯನ್ನು ಒತ್ತಿ ಬಿಟ್ಟರು. ಅದು ಒಮ್ಮೆ ಮೇಲೆದ್ದು ಸುಮ್ಮನೆ ನಿಂತಿತು.

‘ಶಾಕ್ಸ್ ಕೋಣೀ ಕೇಲೇ?’ ಯಾರು ಮಾಡಿದ್ದೆಂದು ಮರಾಠಿಯಲ್ಲಿ ಕೇಳಿದರು.

‘ಮೀಚ್ ಕೇಲೇ,’ ನಾನೇ ಮಾಡಿದ್ದು ಎಂದ ಅಣ್ಣ, ಎದೆ ಸೆಟೆಸಿ.

ಸೀಟು ಸಿಕ್ಕಿತು. ಮುಂದಿನ ಸೀಸನ್ನಿಗೆ ನಿಧಿ ಟೀಮಿನ ಡ್ರೈವರ್.

ಮಕ್ಕಳು ಕನ್ನಡದಲ್ಲಿ ಉತ್ತರ ಕೊಡದಿದ್ದರೆ ಗದರಿಸಬೇಕು ಎಂದು ನನಗೆ ಬುದ್ಧಿ ಹೇಳುವ ಓದುಗರೇ, ಮೊದಲು ಬಂದವಳನ್ನು ಯಾವ ಭಾಷೆಯಲ್ಲಿ ಗದರಿಸಲಿ?